ಅವೇ ನಕ್ಕಿ ಮಾಡಿಕೊಳ್ಳುತ್ತವೆಯೇ?

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹೊಲಮನೆಗಳಲ್ಲಿ ಎರಡು ನಾಯಿ ಇರುವುದು ಹೊಸದಲ್ಲ. ತೊಗರಿ ರಾಶಿಯ ಕಣ ಕಾಯಲು ಒಂದು, ಅದಕ್ಕೆ ವಯಸ್ಸಾಯಿತೆಂದು ತಂದ ಮರಿ ಇನ್ನೊಂದು. ಮರಿ ಬೆಳೆದು ಕಚ್ಚಾಟ ಶುರುವಾದರೆ ಹಿರಿಯರ ಸಲಹೆ ಬಹುತೇಕ ಒಂದೇ: "ಬಿಡ್ರಿ, ಯಾವುದು ದೊಡ್ಡದು ಅಂತ ಅವೇ ನಕ್ಕಿ ಮಾಡ್ಕೋತಾವ." ಈ ಮಾತಿನಲ್ಲಿ ಅನುಭವವಿಲ್ಲ ಎನ್ನಲಾರೆ. ಗುರುಗುಟ್ಟಿ, ಹಲ್ಲು ತೋರಿಸಿ, ಒಂದು ಪಕ್ಕಕ್ಕೆ ಸರಿದರೆ ಮುಗಿಯುವ ತಕರಾರಿನಲ್ಲಿ ನಾವು ಕೈಹಾಕಬೇಕಿಲ್ಲ. ಆದರೆ ರಕ್ತ ಬಂದ ಮೇಲೂ ಅದೇ ಮಾತು ಸಲ್ಲುತ್ತದೆಯೇ?

ಬೀದಿಯಲ್ಲಿ ಹತ್ತು ನಾಯಿ ಕೂಡಿ ಇರುತ್ತವಲ್ಲ ಎಂದು ನೀವು ಕೇಳಬಹುದು. ಪಾದದ ಬಳಿ ನಾಲ್ಕು ನಾಯಿಗಳಿರುವ ದತ್ತಾತ್ರೇಯನ ಕ್ಷೇತ್ರ ಗಾಣಗಾಪುರ ಅಫಜಲಪುರ ತಾಲ್ಲೂಕಿನಲ್ಲೇ ಇದೆ. ನಾಯಿಗೂ ಒಂದು ತುತ್ತು ಹಾಕುವುದು ದತ್ತಭಕ್ತರಿಗೆ ಸಹಜ. ಆದರೆ ಬೀದಿಯಲ್ಲಿ ಸೋತ ನಾಯಿಗೆ ಓಡಲು ದಾರಿಯಿದೆ, ಇನ್ನೊಂದು ಓಣಿಯಲ್ಲಿ ಅನ್ನವಿದೆ. ಕಾಂಪೌಂಡಿನೊಳಗೆ ಎರಡೂ ಇಲ್ಲ. ಸೋತದ್ದು ಗೆದ್ದದ್ದರ ಕಣ್ಣೆದುರೇ ಉಣ್ಣಬೇಕು, ಮಲಗಬೇಕು. ಹೀಗಾಗಿ ಒಂದು ಜಗಳದ ಅಂಜಿಕೆಯೇ ಮುಂದಿನ ಜಗಳಕ್ಕೆ ಕಾರಣವಾಗುತ್ತದೆ.

ಹಿಂಡಿಗೊಬ್ಬ ಯಜಮಾನ ಇರಲೇಬೇಕೆಂಬ ನಂಬಿಕೆಗೆ ಒಮ್ಮೆ ವಿಜ್ಞಾನದ ಬೆಂಬಲವೂ ಇತ್ತು. 1947ರಲ್ಲಿ ಪ್ರಾಣಿವಿಜ್ಞಾನಿ ರುಡಾಲ್ಫ್ ಶೆಂಕೆಲ್ ಅದನ್ನು ಬರೆದದ್ದು ಬಂಧನದಲ್ಲಿದ್ದ ತೋಳಗಳನ್ನು ಗಮನಿಸಿ. ಆದರೆ ಆ ಕಲ್ಪನೆಯನ್ನು ಜನಪ್ರಿಯಗೊಳಿಸಿದ ತೋಳ ಸಂಶೋಧಕ ಡೇವಿಡ್ ಮೀಚ್ ಅವರೇ 1999ರಲ್ಲಿ, ಕಾಡಿನ ತೋಳದ ಹಿಂಡು ಸಾಮಾನ್ಯವಾಗಿ ತಂದೆ, ತಾಯಿ, ಮಕ್ಕಳ ಕುಟುಂಬವೆಂದು ತಿದ್ದಿದರು. ಬಿಟ್ಟು ಹೋಗಲಾಗದ ಪ್ರಾಣಿಗಳ ಹೋರಾಟವನ್ನು ನಾವು ಅವುಗಳ ಸ್ವಭಾವವೆಂದು ತಿಳಿದೆವು ಎಂಬುದು ನನ್ನ ಓದು.

ಹೆಣ್ಣುನಾಯಿ ಸಾಧು, ಕಚ್ಚಾಡುವುದು ಗಂಡುಗಳೇ ಎಂಬುದು ಇನ್ನೊಂದು ನಂಬಿಕೆ. 2011ರಲ್ಲಿ ಅಮೆರಿಕದ ಪಶುವೈದ್ಯರು ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ಮನೆಯೊಳಗೆ ಕಚ್ಚಾಡುತ್ತಿದ್ದ 38 ಜೋಡಿಗಳ ಪೈಕಿ ಶೇ 79ರಷ್ಟು ಒಂದೇ ಲಿಂಗದವು. ಹೆಚ್ಚಿನ ಜೋಡಿಗಳಲ್ಲಿ ಹೆಣ್ಣಿತ್ತು. ಜೋಡಿಗಳ ಸಂಖ್ಯೆ ಚಿಕ್ಕದು, ಅದು ನಮ್ಮ ಹೊಲದ ನಾಯಿಗಳ ಲೆಕ್ಕವೂ ಅಲ್ಲ. ಆದರೂ ಅಲ್ಲಿ ಜಗಳ ಹಚ್ಚುತ್ತಿದ್ದ ಸಂಗತಿಗಳನ್ನು ನಮ್ಮ ಅಂಗಳದಲ್ಲೂ ಕಾಣಬಹುದು: ಸಾಕಿದವರ ಗಮನ, ಊಟ, ಉತ್ಸಾಹದ ಗದ್ದಲ.

ಸಂಜೆ ಬಾಗಿಲಲ್ಲಿ ನಿಂತು ಜೋಳದ ರೊಟ್ಟಿ ಮುರಿದು ಎರಡರ ನಡುವೆ ಎಸೆಯುತ್ತೇವೆ. ಬೈಕಿನ ಸದ್ದಿಗೆ ಎರಡೂ ಗೇಟಿಗೆ ನುಗ್ಗಿದಾಗ ಒಂದರ ತಲೆ ಸವರುತ್ತೇವೆ. ಹೊಡೆದಾಟವಾದರೆ ಕೋಲು ಹಿಡಿಯುತ್ತೇವೆ. ಆದರೆ ನಾಯಿಗೆ ಆ ಪೆಟ್ಟು ಇನ್ನೊಂದು ನಾಯಿ ಹತ್ತಿರ ಬಂದಾಗ ಬೀಳುವ ನೋವು ಅಷ್ಟೇ. ಅದರ ಬದಲು ಮನೆಯ ಮುಂದೊಂದು, ಹಿಂದೊಂದು, ಪರಸ್ಪರ ಕಾಣದ ಹಾಗೆ ಉಣಿಸಿ, ಉಳಿದದ್ದನ್ನು ಎತ್ತಿಡಿ. ಮನೆಗೆ ಬಂದಾಗ ಎರಡೂ ಶಾಂತವಾಗುವವರೆಗೆ ಮುಟ್ಟಬೇಡಿ. ಇದು ದಿನನಿತ್ಯದ ಬೇಸರದ ಕೆಲಸ, ನಿಜ. ಆದರೂ ಕೋಲಿಗಿಂತ ಇದರ ಮೇಲೆ ನನಗೆ ಹೆಚ್ಚು ಭರವಸೆ.

ಇಷ್ಟು ದಿನ ಚೆನ್ನಾಗಿದ್ದ ಮುದಿ ನಾಯಿ ಒಮ್ಮೆಲೇ ಕಚ್ಚತೊಡಗಿದರೆ ಸೊಕ್ಕು ಎನ್ನುವ ಮೊದಲು ಪಶು ಆಸ್ಪತ್ರೆಗೆ ಒಯ್ಯಿರಿ. ಕಿವಿಯದೋ ಕೀಲಿನದೋ ನೋವಿರಬಹುದು. ಜಗಳದ ನಡುವೆ ಕೈ ಹಾಕದೆ ಬಕೆಟ್ ನೀರು ಎರಚಿ. ಎರಡಕ್ಕೂ ರೇಬೀಸ್ ಲಸಿಕೆ ಹಾಕಿಸಿರಿ. ನಿಮಗೇ ಹಲ್ಲು ತಾಗಿದರೆ 15 ನಿಮಿಷ ಸೋಪು ಹಚ್ಚಿ ಹರಿಯುವ ನೀರಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ.

ಇಷ್ಟಾದರೂ ಕೆಲವು ಜೋಡಿಗಳು ಹೊಂದಿಕೊಳ್ಳುವುದಿಲ್ಲ. ಆಗ ಒಂದನ್ನು ನಂಬಿಕೆಯ ಬೇರೆ ಮನೆಗೆ ಕೊಡುವುದು ಸೋಲಲ್ಲ, ಎರಡಕ್ಕೂ ಮಾಡುವ ನ್ಯಾಯ. ಆದರೆ ಚೀಲದಲ್ಲಿ ಹಾಕಿ ಊರಾಚೆ ಉಪವಾಸ ಸಾಯಲು ಬಿಟ್ಟು ಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ.