ಒಂದು ಗಡ್ಡಿ, ಆರು ಆಡಳಿತ

ದ್ವೀಪ ಎಂದೊಡನೆ ಸಮುದ್ರ ನೆನಪಾಗುತ್ತದೆ. ಕೊಪ್ಪಳ ಜಿಲ್ಲೆಗೂ ಸಮುದ್ರಕ್ಕೂ ಸಂಬಂಧವಿಲ್ಲ. ಆದರೂ ಈ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ದಕ್ಷಿಣದ ಅಂಚಿನಲ್ಲಿ, ತುಂಗಭದ್ರೆಯ ಕವಲುಗಳ ನಡುವೆ ಜನವಸತಿಯ ಒಂದು ದ್ವೀಪವಿದೆ. ಹೊಳೆಯ ನಡುವೆ ಎದ್ದು ನಿಂತ ನೆಲಕ್ಕೆ ಈ ಸೀಮೆಯವರು ಗಡ್ಡಿ ಎನ್ನುತ್ತಾರೆ. ಇದರ ಹೆಸರು ವಿರೂಪಾಪುರ ಗಡ್ಡಿ. ಎದುರು ದಡದಲ್ಲೇ ಹಂಪಿಯ ವಿರೂಪಾಕ್ಷ ದೇವಸ್ಥಾನದ ಗೋಪುರ ಕಾಣುತ್ತದೆ. ಒಮ್ಮೆ ಪ್ರವಾಹದ ಕಾರಣಕ್ಕೆ, ಇನ್ನೊಮ್ಮೆ ರೆಸಾರ್ಟ್‌ಗಳ ತೆರವಿನ ಕಾರಣಕ್ಕೆ ಈ ಊರು ಸುದ್ದಿಯಾಗುತ್ತದೆ. ಸುದ್ದಿ ಓದಿದವರಿಗೆ ಪ್ರತಿ ಸಲವೂ ಒಂದೇ ಪ್ರಶ್ನೆ ಉಳಿಯುತ್ತದೆ: ಅಲ್ಲಿ ಏನು ಕಟ್ಟಬಹುದು, ಏನು ಕಟ್ಟಬಾರದು ಎಂದು ಹೇಳುವವರು ಯಾರು? ಉತ್ತರ ಸಿಗಬೇಕಾದರೆ ಮೊದಲು ಆ ನೆಲವನ್ನು, ಆಮೇಲೆ ಅಲ್ಲಿನ ಜನರನ್ನು, ಕೊನೆಗೆ ಆಡಳಿತವನ್ನು ಅರಿಯಬೇಕು.

ತುಂಗಾ ಮತ್ತು ಭದ್ರಾ ನದಿಗಳು ಶಿವಮೊಗ್ಗ ಜಿಲ್ಲೆಯ ಕೂಡಲಿಯಲ್ಲಿ ಸೇರಿ ತುಂಗಭದ್ರೆಯಾಗುತ್ತವೆ. ಬಯಲಿನಲ್ಲಿ ಹರಿಯುವ ನದಿ ಮೆತ್ತನೆಯ ಮಣ್ಣನ್ನು ಕೊರೆದು ತನ್ನ ದಾರಿ ಬದಲಿಸಿಕೊಳ್ಳಬಲ್ಲದು. ಹಂಪಿ, ಆನೆಗೊಂದಿಯ ಸುತ್ತ ಇರುವುದು ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯ ಗ್ರಾನೈಟ್, ಅಂದರೆ ಕಗ್ಗಲ್ಲು. ಈ ಕಲ್ಲು ಸುಲಭವಾಗಿ ಸವೆಯುವುದಿಲ್ಲ. ಹಾಗಾಗಿ ನೀರು ಬಂಡೆಗಳ ನಡುವಿನ ಬಿರುಕುಗಳನ್ನೇ ಹುಡುಕಿಕೊಂಡು ಹಲವು ಕವಲುಗಳಾಗಿ ಹರಿಯುತ್ತದೆ. ಎರಡು ಕವಲುಗಳ ನಡುವೆ ಉಳಿದ ನೆಲದ ಮೇಲೆ ಪ್ರತಿ ಮಳೆಗಾಲದ ಹೊಳೆ ರೇವೆ ಮಣ್ಣು ತಂದು ಬಿಡುತ್ತದೆ. ಬುಡದಲ್ಲಿ ಬಂಡೆ, ಮೇಲೆ ಫಲವತ್ತಾದ ಮಣ್ಣು: ಗಡ್ಡಿ ಹುಟ್ಟುವ ಬಗೆ ಇದು. ಭತ್ತ, ಬಾಳೆ ಬೆಳೆಯಲು ಹೇಳಿ ಮಾಡಿಸಿದ ನೆಲ.

ಈ ಹಸಿರು ಇಡೀ ಜಿಲ್ಲೆಯ ಚಿತ್ರವಲ್ಲ. ಕುಷ್ಟಗಿ, ಯಲಬುರ್ಗಾ ಕಡೆಗೆ ಹೋದರೆ ಜೋಳ, ಸಜ್ಜೆಯ ಒಣ ಬೇಸಾಯ. ಅಲ್ಲಿನ ರೈತ ಮಳೆಗಾಗಿ ಮುಗಿಲು ನೋಡುತ್ತಾನೆ. ಗಡ್ಡಿಯ ರೈತನಿಗೆ ಚಿಂತೆ ಬೇರೆ. ತನ್ನ ಊರಿನಲ್ಲಿ ಹನಿ ಮಳೆ ಇಲ್ಲದಿದ್ದರೂ ಅವನ ಹೊಲ ಮುಳುಗಬಹುದು. ಕಾರಣ ನದಿಯ ಮೇಲ್ಭಾಗದಲ್ಲಿ ಮುನಿರಾಬಾದ್ ಬಳಿ ಇರುವ ತುಂಗಭದ್ರಾ ಅಣೆಕಟ್ಟು.

ಈ ಅಣೆಕಟ್ಟಿನ ಕೆಲಸ ತಿಳಿಯಲು ಎರಡು ಅಳತೆಗಳು ಗೊತ್ತಿದ್ದರೆ ಸಾಕು. ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28 ಲೀಟರ್ ನೀರು ಹರಿದರೆ ಅದು ಒಂದು ಕ್ಯುಸೆಕ್. ನೂರು ಕೋಟಿ ಘನ ಅಡಿ ನೀರು ನಿಂತರೆ ಅದು ಒಂದು ಟಿಎಂಸಿ. ಒಂದು ಲಕ್ಷ ಕ್ಯುಸೆಕ್ ನೀರು ಒಂದು ದಿನ ಪೂರ್ತಿ ಹರಿದರೆ ಸುಮಾರು 8.6 ಟಿಎಂಸಿ ಆಗುತ್ತದೆ. 1953ರಲ್ಲಿ ನೀರು ತುಂಬತೊಡಗಿದಾಗ ಜಲಾಶಯದ ಸಾಮರ್ಥ್ಯ ಸುಮಾರು 133 ಟಿಎಂಸಿ ಇತ್ತು. ಹೂಳು ತುಂಬಿ ಅದೀಗ ಸುಮಾರು 105 ಟಿಎಂಸಿಗೆ ಇಳಿದಿದೆ. ಇದನ್ನು ಕಟ್ಟಿದ್ದು ಮುಖ್ಯವಾಗಿ ನೀರಾವರಿಗೆ. ನೀರಾವರಿಗೆ ಜಲಾಶಯ ಬೇಗ ತುಂಬಬೇಕು, ತುಂಬಿಯೇ ಇರಬೇಕು. ಪ್ರವಾಹ ತಡೆಯಬೇಕಾದರೆ ಜಲಾಶಯದಲ್ಲಿ ಒಂದಿಷ್ಟು ಜಾಗ ಖಾಲಿ ಇರಬೇಕು. ಎರಡೂ ಒಟ್ಟಿಗೆ ಸಾಧ್ಯವಿಲ್ಲ. ಜಲಾಶಯ ತುಂಬಿದ ಮೇಲೆ ಮಲೆನಾಡಿನಲ್ಲಿ ಜೋರು ಮಳೆಯಾದರೆ ಬಂದಷ್ಟು ನೀರನ್ನೂ ಹೊಳೆಗೆ ಬಿಡಬೇಕಾಗುತ್ತದೆ. ಆ ನೀರು ಕೆಲವೇ ಗಂಟೆಗಳಲ್ಲಿ ಗಡ್ಡಿ ಮುಟ್ಟುತ್ತದೆ.

2019ರ ಆಗಸ್ಟ್‌ನಲ್ಲಿ ಆದದ್ದು ಇದೇ. ಹೊರಹರಿವು ಎರಡು ಲಕ್ಷ ಕ್ಯುಸೆಕ್ ದಾಟಿತು. ಗಡ್ಡಿಯನ್ನು ಉತ್ತರದ ದಡಕ್ಕೆ ಸೇರಿಸುವ ಸೇತುವೆ ಮುಳುಗಿತು. ದೇಶ ವಿದೇಶಗಳ ನೂರಾರು ಪ್ರವಾಸಿಗರು ಅಲ್ಲೇ ಸಿಕ್ಕಿಬಿದ್ದರು. ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯ ದೋಣಿಗಳು ಸಾಲದೆ ಹೆಲಿಕಾಪ್ಟರ್ ತರಿಸಬೇಕಾಯಿತು. ಐದು ವರ್ಷಗಳ ನಂತರ, 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ವಾರದೊಳಗೆ ತಾತ್ಕಾಲಿಕ ಗೇಟ್ ಕೂರಿಸಿ ನೀರು ನಿಲ್ಲಿಸಿದ್ದರಿಂದ ದೊಡ್ಡ ಅನಾಹುತ ತಪ್ಪಿತು. ಗಡ್ಡಿಯ ಬದುಕು ಹೊಳೆಯನ್ನು ಎಷ್ಟು ನಂಬಿದೆಯೋ, ಅಣೆಕಟ್ಟಿನ ಕಬ್ಬಿಣದ ಚೈನನ್ನೂ ಅಷ್ಟೇ ನಂಬಿದೆ ಎಂದು ಆ ರಾತ್ರಿ ಎಲ್ಲರಿಗೂ ಮನವರಿಕೆಯಾಯಿತು.

ಇನ್ನು ಜನರ ವಿಷಯ. ವಿಜಯನಗರದ ಕಾಲದಲ್ಲಿ ಎರಡೂ ದಡ ಒಂದೇ ಆಳ್ವಿಕೆಗೆ ಸೇರಿದ್ದವು. ಉತ್ತರಕ್ಕೆ ಆನೆಗೊಂದಿಯ ಕೋಟೆ, ದಕ್ಷಿಣಕ್ಕೆ ರಾಜಧಾನಿ. ಹದಿನಾರನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಯಸ್ ಜನರು ಹೊಳೆ ದಾಟುತ್ತಿದ್ದ ದುಂಡನೆಯ ದೋಣಿಗಳ ಬಗ್ಗೆ ಬರೆದಿದ್ದಾನೆ. ಅವೇ ನಮ್ಮ ಹರಿಗೋಲುಗಳು. ಬಿದಿರ ಸೀಳುಗಳನ್ನು ಹೆಣೆದು ಹೊರಗೆ ಆಗ ಚರ್ಮ ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ ಸುತ್ತಿ ಡಾಂಬರು ಬಳಿಯುತ್ತಾರೆ. ಹುಟ್ಟು ಹಾಕುವ ರೀತಿ ಮಾತ್ರ ಹಾಗೆಯೇ ಇದೆ. ಆ ಕಾಲದ ಅಡ್ಡಗಟ್ಟೆಗಳಿಂದ ಹೊರಟ ಆನೆಗೊಂದಿ, ಗಂಗಾವತಿ ಕಾಲುವೆಗಳಲ್ಲಿ ಇಂದಿಗೂ ನೀರು ಹರಿಯುತ್ತದೆ.

1565ರಲ್ಲಿ ರಾಜಧಾನಿ ಹಾಳಾದ ನಂತರ ಮುಂದಿನ ಶತಮಾನಗಳಲ್ಲಿ ಹೊಳೆಯೇ ಗಡಿಯಾಯಿತು. ಬ್ರಿಟಿಷರ ಕಾಲದಲ್ಲಿ ಉತ್ತರ ದಡ ನಿಜಾಮನ ಹೈದರಾಬಾದಿಗೆ, ದಕ್ಷಿಣ ದಡ ಮದರಾಸು ಪ್ರಾಂತ್ಯದ ಬಳ್ಳಾರಿಗೆ ಸೇರಿತ್ತು. 1953ರಲ್ಲಿ ಬಳ್ಳಾರಿ, 1956ರಲ್ಲಿ ಉತ್ತರ ದಡದ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಎರಡೂ ದಡ ಒಂದೇ ರಾಜ್ಯದೊಳಗೆ ಬಂದವು. ಜಿಲ್ಲೆಗಳು ಮಾತ್ರ ಬೇರೆಯಾಗಿಯೇ ಉಳಿದವು. ರಾಯಚೂರಿನಿಂದ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳನ್ನು ಬೇರ್ಪಡಿಸಿ 1997ರಲ್ಲಿ ಕೊಪ್ಪಳ ಜಿಲ್ಲೆ ರಚನೆಯಾಯಿತು. ಆಚೆ ದಡ 2021ರಿಂದ ವಿಜಯನಗರ ಜಿಲ್ಲೆ. ಗಡ್ಡಿಯವರಿಗೆ ಹಂಪಿ ಕೂಗಿದರೆ ಕೇಳುವಷ್ಟು ಹತ್ತಿರ. ಆದರೆ ಸರ್ಕಾರಿ ಕೆಲಸಕ್ಕೆ ಅವರು ಗಂಗಾವತಿಗೆ, ಕೊಪ್ಪಳಕ್ಕೆ ಹೋಗಬೇಕು.

ಬೇಸಾಯದ ಈ ಊರಿಗೆ ವಿದೇಶಿ ಪ್ರವಾಸಿಗರು ಬರತೊಡಗಿದ ಮೇಲೆ ಬದುಕು ಬದಲಾಯಿತು. ಹಂಪಿಯ ದೇವಸ್ಥಾನದ ಸುತ್ತ ಮಾಂಸ, ಮದ್ಯಕ್ಕೆ ನಿರ್ಬಂಧವಿತ್ತು. ಗಡ್ಡಿಯಲ್ಲಿ ಬಿಗಿ ಕಡಿಮೆ, ಬಾಡಿಗೆಯೂ ಕಡಿಮೆ. ಗದ್ದೆಯ ಬದುವಿನಲ್ಲಿ ಗುಡಿಸಿಲು ಹಾಕಿ ಬಾಡಿಗೆಗೆ ಕೊಟ್ಟರೆ ಭತ್ತದಿಂದ ಬರುವುದಕ್ಕಿಂತ ಹೆಚ್ಚು ಹಣ ಕೈಗೆ ಬರುತ್ತಿತ್ತು. ಗುಡಿಸಿಲುಗಳು ಗೆಸ್ಟ್‌ಹೌಸ್ ಆದವು, ಗೆಸ್ಟ್‌ಹೌಸ್‌ಗಳು ರೆಸಾರ್ಟ್ ಆದವು. ‘ಹಿಪ್ಪಿ ಐಲ್ಯಾಂಡ್’ ಎಂಬ ಹೆಸರೂ ಅಂಟಿಕೊಂಡಿತು.

ಈಗ ಆಡಳಿತಕ್ಕೆ ಬರೋಣ. ಗಡ್ಡಿಯ ಮೇಲೆ ಕನಿಷ್ಠ ಆರು ಸಂಸ್ಥೆಗಳಿಗೆ ಒಂದಲ್ಲ ಒಂದು ಬಗೆಯ ಅಧಿಕಾರವಿದೆ. ಮೊದಲನೆಯದು ಜನರೇ ಆರಿಸುವ ಸಾಣಾಪುರ ಗ್ರಾಮ ಪಂಚಾಯಿತಿ. ತೆರಿಗೆ, ಕುಡಿಯುವ ನೀರು, ಬೀದಿ ದೀಪ ಅದರ ಹೊಣೆ. ಎರಡನೆಯದು ಕಂದಾಯ ಇಲಾಖೆ. ಬೇಸಾಯದ ಜಮೀನಿನಲ್ಲಿ ಬೇರೆ ಉದ್ಯಮ ಮಾಡಬೇಕಾದರೆ ಭೂಪರಿವರ್ತನೆ ಆಗಬೇಕು. ಆ ಅಧಿಕಾರ ಜಿಲ್ಲಾಧಿಕಾರಿಯದು. ಮೂರನೆಯದು ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ. ನಾಲ್ಕನೆಯದು ಸ್ಮಾರಕಗಳನ್ನು ಕಾಯುವ ಕೇಂದ್ರ ಮತ್ತು ರಾಜ್ಯದ ಪುರಾತತ್ವ ಇಲಾಖೆಗಳು. ಐದನೆಯದು ಅರಣ್ಯ ಇಲಾಖೆ. ಹೊಳೆಯ ನೀರುನಾಯಿಗಳ ರಕ್ಷಣೆಗಾಗಿ 2015ರಲ್ಲಿ ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿ.ಮೀ. ಹರಿವನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಗಿದೆ. ಆರನೆಯದು ಅಣೆಕಟ್ಟನ್ನು ನೋಡಿಕೊಳ್ಳುವ ತುಂಗಭದ್ರಾ ಮಂಡಳಿ. ಅದರಲ್ಲಿ ಕೇಂದ್ರದ ಜೊತೆಗೆ ಕರ್ನಾಟಕ, ಆಂಧ್ರ, ತೆಲಂಗಾಣಗಳ ಪ್ರತಿನಿಧಿಗಳಿದ್ದಾರೆ.

ಇವುಗಳಲ್ಲಿ ಗಡ್ಡಿಯ ಬದುಕನ್ನು ಹೆಚ್ಚು ಮುಟ್ಟಿದ್ದು ಮೂರನೆಯದು. ಹಂಪಿ 1986ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಮುಂದಿನ ದಶಕದಲ್ಲಿ ಹೊಳೆಗೆ ಎರಡು ಹೊಸ ಸೇತುವೆಗಳ ಕೆಲಸ ಶುರುವಾಯಿತು. ಒಂದು ಆನೆಗೊಂದಿಗೆ ವಾಹನ ದಾಟಿಸುವ ಸೇತುವೆ, ಇನ್ನೊಂದು ಹಂಪಿ ಕಡೆಯಿಂದ ಇದೇ ಗಡ್ಡಿಗೆ ಕಾಲುಸೇತುವೆ. ಪ್ರಾಚೀನ ಪರಿಸರಕ್ಕೆ ಇವುಗಳಿಂದ ಧಕ್ಕೆ ಎಂದು 1999ರಲ್ಲಿ ಯುನೆಸ್ಕೊ ಹಂಪಿಯನ್ನು ‘ಅಪಾಯದಲ್ಲಿರುವ ತಾಣ’ಗಳ ಪಟ್ಟಿಗೆ ಹಾಕಿತು. ಇಡೀ ಪ್ರದೇಶವನ್ನು ಒಂದೇ ಕೈ ನೋಡಿಕೊಳ್ಳಲಿ ಎಂದು ರಾಜ್ಯ ಸರ್ಕಾರ ತಂದದ್ದೇ 2002ರ ಪ್ರಾಧಿಕಾರ ಕಾಯ್ದೆ. ಕಾಲುಸೇತುವೆಯನ್ನು ಕಳಚಿ ತೆಗೆದರು. 2006ರಲ್ಲಿ ಹಂಪಿ ಆ ಪಟ್ಟಿಯಿಂದ ಹೊರಬಂತು. ಆನೆಗೊಂದಿಯ ಸೇತುವೆ ಕೆಲಸ ಮುಗಿಯುವ ಮೊದಲೇ 2009ರ ಜನವರಿಯಲ್ಲಿ ಕುಸಿದು ಕೂಲಿ ಕಾರ್ಮಿಕರ ಪ್ರಾಣ ತೆಗೆಯಿತು.

ಪ್ರಾಧಿಕಾರದ ವ್ಯಾಪ್ತಿ ಎರಡೂ ದಡಗಳ 29 ಹಳ್ಳಿಗಳು, ಸುಮಾರು 236 ಚದರ ಕಿ.ಮೀ. ಇದರಲ್ಲಿ ಸುಮಾರು 42 ಚದರ ಕಿ.ಮೀ. ತಿರುಳು ವಲಯ, ಅಂದರೆ ನಿಯಮಗಳು ಅತ್ಯಂತ ಬಿಗಿಯಾಗಿರುವ ಭಾಗ. ಈ ಹಳ್ಳಿಗಳಲ್ಲಿ ಹೊಸ ಕಟ್ಟಡಕ್ಕೆ ಪಂಚಾಯಿತಿಯ ಒಪ್ಪಿಗೆಯೊಂದೇ ಸಾಲದು, ಪ್ರಾಧಿಕಾರದ ಅನುಮತಿಯೂ ಬೇಕು. ಗೊಂದಲ ಹುಟ್ಟುವುದು ಇಲ್ಲಿಯೇ. ಪಂಚಾಯಿತಿ ತೆರಿಗೆ ಕಟ್ಟಿಸಿಕೊಂಡು ರಸೀದಿ ಕೊಟ್ಟರೆ ಕಟ್ಟಡ ಸಕ್ರಮವಾಯಿತು ಎಂದು ಹಳ್ಳಿಗಳಲ್ಲಿ ಅನೇಕರು ನಂಬುತ್ತಾರೆ. ಕಾನೂನಿನಲ್ಲಿ ತೆರಿಗೆ ಬೇರೆ, ಅನುಮತಿ ಬೇರೆ. ರೈತನ ಕೈಯಲ್ಲಿರುವ ಮುಖ್ಯ ದಾಖಲೆ ಪಹಣಿ. ಅದರಲ್ಲಿ ಸರ್ವೆ ನಂಬರು, ಹಿಡುವಳಿದಾರರ ಹೆಸರು, ವಿಸ್ತೀರ್ಣ, ಬೆಳೆಯ ವಿವರ ಇರುತ್ತದೆ. ಆ ಜಮೀನು ಪರಂಪರೆಯ ಯಾವ ವಲಯಕ್ಕೆ ಸೇರಿದೆ ಎಂದು ತಿಳಿಯಲು ಮಾತ್ರ ಪ್ರಾಧಿಕಾರದ ಮಹಾಯೋಜನೆಯ ನಕ್ಷೆಯನ್ನೇ ನೋಡಬೇಕು.

ಗಡ್ಡಿಯ ರೆಸಾರ್ಟ್‌ಗಳ ತೆರವಿಗೆ ಪ್ರಾಧಿಕಾರ ಮುಂದಾದಾಗ ವಿಷಯ ಕೋರ್ಟಿಗೆ ಹೋಯಿತು. ಸ್ಮಾರಕಗಳ ಸಂರಕ್ಷಿತ ಪ್ರದೇಶ ಕುರಿತ 1988ರ ಅಧಿಸೂಚನೆ ತಮ್ಮ ಜಮೀನಿಗೆ ಅನ್ವಯಿಸುವುದಿಲ್ಲ ಎಂಬುದು ಮಾಲೀಕರ ವಾದದ ತಿರುಳು. 2015ರಲ್ಲಿ ಹೈಕೋರ್ಟ್ ಪ್ರಾಧಿಕಾರದ ಪರವಾಗಿ ತೀರ್ಪು ಕೊಟ್ಟಿತು. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಮಾರ್ಚ್‌ನಲ್ಲಿ ಜೆಸಿಬಿಗಳು ಬಂದವು. ಅಧಿಸೂಚನೆಗೂ ತೆರವಿಗೂ ನಡುವೆ 32 ವರ್ಷ ಕಳೆದಿತ್ತು. ಅಷ್ಟರಲ್ಲಿ ಒಂದು ತಲೆಮಾರು ಆ ವ್ಯಾಪಾರದ ಮೇಲೆ ಸಂಸಾರ ಕಟ್ಟಿಕೊಂಡಿತ್ತು. ಬೇಡಿಕೆ ಮಾತ್ರ ಕರಗಲಿಲ್ಲ. ಪ್ರವಾಸಿಗರು ಸಾಣಾಪುರ, ಹನುಮನಹಳ್ಳಿ, ಆನೆಗೊಂದಿಯ ಕಡೆ ತಿರುಗಿದರು. ಅನುಮತಿಯ ತಕರಾರೂ ಅವರ ಹಿಂದೆಯೇ ಅಲ್ಲಿಗೆ ಹೋಯಿತು. 2025ರ ಮಾರ್ಚ್‌ನಲ್ಲಿ ಸಾಣಾಪುರದ ಕಾಲುವೆ ದಂಡೆಯ ಮೇಲೆ ಪ್ರವಾಸಿಗರ ಮೇಲೆ ನಡೆದ ಘೋರ ಅಪರಾಧ, ಪ್ರವಾಸೋದ್ಯಮದ ಜೊತೆ ಕಾವಲು ಬೆಳೆದಿಲ್ಲ ಎಂಬುದನ್ನು ತೋರಿಸಿತು.

ಸ್ವಲ್ಪ ಕೆಳಗೆ, ಆನೆಗೊಂದಿಯ ಬಳಿ ಇನ್ನೊಂದು ಗಡ್ಡಿ ಇದೆ: ನವವೃಂದಾವನ. ವ್ಯಾಸರಾಯರೂ ಸೇರಿ ಒಂಬತ್ತು ಮಾಧ್ವ ಯತಿಗಳ ವೃಂದಾವನಗಳು ಇಲ್ಲಿವೆ. ಇಲ್ಲಿಯೂ ಮಠಗಳ ನಡುವೆ ಪೂಜೆ, ಆರಾಧನೆಯ ಹಕ್ಕಿನ ಬಗ್ಗೆ ವ್ಯಾಜ್ಯವಿದೆ. ಆದರೆ ಯಾವ ದಿನ ಯಾರ ಪೂಜೆ ಎಂದು ನ್ಯಾಯಾಲಯ ಹೇಳುತ್ತದೆ. ಅದರಂತೆ ತಹಶೀಲ್ದಾರರು, ಪೊಲೀಸರು ವ್ಯವಸ್ಥೆ ಮಾಡುತ್ತಾರೆ. ಜಗಳ ತೀರದಿದ್ದರೂ ಯಾರಿಗೆ ಯಾವಾಗ ಹಕ್ಕು ಎಂಬುದು ಮೊದಲೇ ಗೊತ್ತಾಗಿರುತ್ತದೆ.

ಅಧಿಕಾರದ ಗಡಿ ಸ್ಪಷ್ಟವಾಗಿರುವುದಕ್ಕೆ ಹೊರಗಿನ ಒಂದು ಉದಾಹರಣೆಯನ್ನೂ ನೋಡಬಹುದು. ಕೆರಿಬಿಯನ್ ಸಮುದ್ರದಲ್ಲಿ ಮಾಂಟ್ಸೆರಾಟ್ ಎಂಬ ದ್ವೀಪವಿದೆ. ಸುಮಾರು 100 ಚದರ ಕಿ.ಮೀ. ನೆಲ, ಐದು ಸಾವಿರಕ್ಕಿಂತ ಕಡಿಮೆ ಜನ. ಅದು ಸ್ವತಂತ್ರ ದೇಶವಲ್ಲ, ಬ್ರಿಟನ್ನಿನ ಅಧೀನ ಪ್ರದೇಶ. ಬ್ರಿಟನ್ನಿನ ದೊರೆಯ ಹೆಸರಿನಲ್ಲಿ ನೇಮಕವಾದ ಗವರ್ನರ್ ಒಬ್ಬರಿದ್ದಾರೆ. ಜನ ಆರಿಸಿದ ಶಾಸನಸಭೆ, ಸರ್ಕಾರದ ಮುಖ್ಯಸ್ಥರಾಗಿ ಪ್ರೀಮಿಯರ್ ಇದ್ದಾರೆ. ರಕ್ಷಣೆ, ವಿದೇಶ ವ್ಯವಹಾರ, ಆಂತರಿಕ ಭದ್ರತೆ ಗವರ್ನರ್ ಪಾಲಿಗೆ. ಉಳಿದ ಬಹುಪಾಲು ಚುನಾಯಿತರ ಪಾಲಿಗೆ. ಯಾರ ಅಧಿಕಾರ ಎಲ್ಲಿಗೆ ಮುಗಿಯುತ್ತದೆ ಎಂಬುದು ದ್ವೀಪದ ಸಂವಿಧಾನದಲ್ಲಿಯೇ ಬರೆದಿದೆ. 1995ರಲ್ಲಿ ಅಲ್ಲಿನ ಜ್ವಾಲಾಮುಖಿ ಸಿಡಿಯತೊಡಗಿತು. 1997ರ ಹೊತ್ತಿಗೆ ರಾಜಧಾನಿ ಪ್ಲಿಮತ್ ಬೂದಿಯಡಿ ಹೂತುಹೋಯಿತು. ಮೂರನೆಯ ಎರಡು ಭಾಗದಷ್ಟು ಜನ ದ್ವೀಪ ಬಿಟ್ಟರು. ದ್ವೀಪದ ದಕ್ಷಿಣದ ದೊಡ್ಡ ಭಾಗದಲ್ಲಿ ಇಂದಿಗೂ ವಾಸಕ್ಕೆ ಅವಕಾಶವಿಲ್ಲ. ಯಾವ ವಲಯಕ್ಕೆ ಯಾವಾಗ ಹೋಗಬಹುದು ಎಂಬುದನ್ನು ಅಪಾಯದ ಹಂತಗಳ ಪಟ್ಟಿ ಮತ್ತು ನಕ್ಷೆಯ ಮೂಲಕ ಮೊದಲೇ ಪ್ರಕಟಿಸುತ್ತಾರೆ. ದೂರದ ಸರ್ಕಾರದ ಬಗ್ಗೆ ಅಲ್ಲಿನವರಿಗೂ ದೂರುಗಳಿವೆ. ಆದರೂ ಕೇಳಬೇಕಾದ ಬಾಗಿಲು ಯಾವುದು ಎಂಬ ಗೊಂದಲ ಕಡಿಮೆ.

ನಮ್ಮ ಗಡ್ಡಿಗೆ ಸಂವಿಧಾನ ಬೇಕಿಲ್ಲ. ಆರು ಸಂಸ್ಥೆಗಳಲ್ಲಿ ಯಾವುದನ್ನೂ ತೆಗೆದುಹಾಕುವಂತೆಯೂ ಇಲ್ಲ. ಸ್ಮಾರಕ, ನೀರುನಾಯಿ, ಅಣೆಕಟ್ಟು ಮೂರಕ್ಕೂ ಕಾಯುವವರು ಬೇಕು. ಕೋರ್ಟಿನ ತೀರ್ಪು ಕಾನೂನಿನ ಪ್ರಶ್ನೆಗೆ ಉತ್ತರ ಕೊಟ್ಟಿದೆ. ಮುಂದೆ ಏನು ಮಾಡಬಹುದು ಎಂಬ ರೈತನ ಪ್ರಶ್ನೆಗೆ ಉತ್ತರ ಕೊಡುವುದು ಆಡಳಿತದ ಕೆಲಸ. ಅದಕ್ಕೆ ದೊಡ್ಡ ಯೋಜನೆ ಬೇಡ, ಮೂರು ಸಣ್ಣ ಕೆಲಸ ಸಾಕು. 29 ಹಳ್ಳಿಗಳ ಪ್ರತಿ ಸರ್ವೆ ನಂಬರಿನ ಪರಂಪರೆ ವಲಯವನ್ನು ಪಹಣಿಯಲ್ಲೇ ಕನ್ನಡದಲ್ಲಿ ನಮೂದಿಸಬೇಕು. ಅಣೆಕಟ್ಟಿನಿಂದ ಎಷ್ಟು ಕ್ಯುಸೆಕ್ ಬಿಟ್ಟರೆ ನೀರು ಎಲ್ಲಿಯವರೆಗೆ ಏರುತ್ತದೆ ಎಂಬ ಗುರುತನ್ನು ಗಡ್ಡಿಯ ಬಂಡೆಗಳ ಮೇಲೆ ಬಣ್ಣದಲ್ಲಿ ಬರೆಯಬೇಕು. ಮನೆಯಲ್ಲೇ ಒಂದೆರಡು ಕೋಣೆ ಬಾಡಿಗೆಗೆ ಕೊಡುವವನಿಗೂ ರೆಸಾರ್ಟ್ ಕಟ್ಟುವವನಿಗೂ ಬೇರೆ ಬೇರೆ ನಿಯಮ ಮಾಡಿ, ಆ ನಿಯಮ ರೂಪಿಸುವಾಗ ಗ್ರಾಮಸಭೆಯ ಮಾತನ್ನೂ ಕೇಳಬೇಕು. ನಿಯಮ ಎಷ್ಟೇ ಬಿಗಿಯಾಗಿರಲಿ, ಮೊದಲೇ ತಿಳಿದಿದ್ದರೆ ಅದಕ್ಕೆ ತಕ್ಕಂತೆ ಬದುಕು ಕಟ್ಟಿಕೊಳ್ಳಬಹುದು. ಮೂವತ್ತು ವರ್ಷ ಸುಮ್ಮನಿದ್ದು ಆಮೇಲೆ ಜೆಸಿಬಿ ತರುವ ನಿಯಮದಿಂದ ಪರಂಪರೆಯೂ ಉಳಿಯುವುದಿಲ್ಲ, ರೈತನೂ ಉಳಿಯುವುದಿಲ್ಲ.