ಕರಗುವ ಚಮಚದ ಲೆಕ್ಕ

ಮೊನ್ನೆ ಕ್ಯಾಂಟೀನಿನಲ್ಲಿ ಬಿಸಿ ಸಾಂಬಾರಿಗೆ ಅದ್ದಿದ 'ಪರಿಸರಸ್ನೇಹಿ' ಚಮಚ ಮೆಲ್ಲಗೆ ಬಾಗಿತು. ಎಲ್ಲರೂ ನಕ್ಕೆವು. ಅದರ ಮೇಲೆ 'ಪಿಎಲ್‌ಎ' ಎಂದಿತ್ತು. ಮೆಕ್ಕೆಜೋಳ, ಕಬ್ಬುಗಳ ಸಕ್ಕರೆಯಿಂದ ಮಾಡುವ ಪಾಲಿಯೆಸ್ಟರ್ ಅದು. ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೆ ಮೆತ್ತಗಾಗುತ್ತದೆ.

ಇದಕ್ಕೆ ಮದ್ದೂ ಗಿಡದಲ್ಲೇ ಇದೆ. ಕನ್ನಡ ಶಾಲೆಯಲ್ಲಿ 'ಕೋಶಭಿತ್ತಿ' ಪಾಠದಲ್ಲಿ ಓದಿದ ಸೆಲ್ಯುಲೋಸನ್ನು ಕಬ್ಬಿನ ಹಿಪ್ಪೆಯಿಂದ ತೆಗೆದು, ಕೂದಲಿಗಿಂತ ಸಾವಿರಾರು ಪಟ್ಟು ತೆಳುವಾದ ಎಳೆ ಮಾಡಿ ಬೆರೆಸಿದರೆ ಪಾಲಿಯೆಸ್ಟರ್ ಬಿಗಿಯಾಗುತ್ತದೆ; ಬಿಸಿಯನ್ನೂ ಹೆಚ್ಚು ತಡೆಯಬಲ್ಲದು. ತೊಡಕೆಂದರೆ, ಸೆಲ್ಯುಲೋಸಿಗೆ ನೀರು ಇಷ್ಟ, ಪಾಲಿಯೆಸ್ಟರಿಗೆ ಆಗದು. ಸರಿಯಾಗಿ ಬೆರೆಸದಿದ್ದರೆ ಗಂಟು ಕಟ್ಟುತ್ತದೆ.

ಕಾಮರ್ಸಿನವನಿಗೆ ಯಾಕಪ್ಪಾ ಈ ಉಸಾಬರಿ ಅಂತೀರಾ? ಲೆಕ್ಕ ತಪ್ಪಿದೆ, ಅದಕ್ಕೆ. ಪಿಎಲ್‌ಎ ಕೊಳೆಯಬೇಕಾದರೂ ಹೆಚ್ಚುಕಡಿಮೆ ಅದೇ 60 ಡಿಗ್ರಿ ಬಿಸಿಯ ಗೊಬ್ಬರ ಘಟಕದಲ್ಲಿ ವಾರಗಟ್ಟಲೆ ಇರಬೇಕು. ನಮ್ಮ ಮುಂಬಯಿಯ ಮೀಠಿ ನದಿಗೆ ಬಿದ್ದರೆ ವರ್ಷಗಟ್ಟಲೆ ಹಾಗೇ ಉಳಿದೀತು. ಚಮಚದ ಬೆಲೆ ಬರೆದು ಘಟಕದ ಖರ್ಚು ಬಿಟ್ಟರೆ ಅದು ಅರ್ಧ ಖಾತೆ.

ಗಟ್ಟಿ ಚಮಚ ಬರಲಿ. ಜೊತೆಗೇ ಅದನ್ನು ಬೇರೆ ಆಯ್ದು ಕೊಳೆಸುವ ಏರ್ಪಾಡೂ ಬರಲಿ. ಖರ್ಚನ್ನು ಮಾಡಿ ಮಾರುವವರೇ ಹೊರಲಿ. ಅಲ್ಲಿಯ ತನಕ ನಾನು ಮನೆಯಿಂದ ಸ್ಟೀಲ್ ಚಮಚ ತರುತ್ತೇನೆ. ನೀವು?