ಸುಂಕದ ಕಟ್ಟೆಯೂ ಚಕ್ರದ ಮಣ್ಣೂ

ಕಳೆದ ತಿಂಗಳು ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ಗೊಬ್ಬರದ ಬಾಕಿ ಚುಕ್ತಾ ಮಾಡಲು ಕಛೇರಿಗೆ ಬಂದವರು, ರಸೀದಿ ಮಡಚಿ ಜೇಬಿಗಿಟ್ಟುಕೊಳ್ಳುತ್ತಾ ಒಂದು ವಿಚಿತ್ರವಾದ ಪ್ರಶ್ನೆ ಕೇಳಿದರು. ಅವರ ಮಗಳು ಮತ್ತು ಅಳಿಯ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿದ್ದಾರೆ. ಈಗ ಊರಿಗೆ ಮರಳಿ ತೋಟ ನೋಡಿಕೊಳ್ಳುವ ಮನಸ್ಸು ಮಾಡಿದ್ದಾರೆ. ಅಲ್ಲಿ ಅವರಿಗೊಂದು ಕಾರಿದೆ. ಜಪಾನಿನಲ್ಲಿ ಯಾರೋ ಓಡಿಸಿ ಮಾರಿದ್ದನ್ನು ಇವರು ಕೊಂಡದ್ದು. ಸ್ಟಿಯರಿಂಗ್ ನಮ್ಮಂತೆಯೇ ಬಲಗಡೆ. "ನಮ್ಮ ಕಾಫಿ ಹಡಗು ಹತ್ತಿ ಹೋಗ್ತದೆ. ಈ ಕಾರು ಹಡಗು ಹತ್ತಿ ಬರಬಾರದೇಕೆ ಮಾರಾಯ್ರೆ?" ಎಂಬುದು ಅವರ ಪ್ರಶ್ನೆ.

ಮಕ್ಕಳು ಹೊರದೇಶದಲ್ಲಿರುವ ಮನೆಗಳು ನಮ್ಮಲ್ಲಿ ಈಗ ಕಡಿಮೆಯೇನಿಲ್ಲ. ಆದ್ದರಿಂದ ಅವರಿಗೆ ಕೊಟ್ಟ ಉತ್ತರವನ್ನು ಇಲ್ಲಿಯೂ ಬರೆಯುತ್ತಿದ್ದೇವೆ. ಹಳೆಯ ಕಾರನ್ನು ಭಾರತಕ್ಕೆ ತರಬೇಕಾದರೆ ಅದು ತಯಾರಾಗಿ 3 ವರ್ಷ ಮೀರಿರಕೂಡದು. ಸ್ಪೀಡೋಮೀಟರು ಕಿಲೋಮೀಟರಿನಲ್ಲಿರಬೇಕು, ದೀಪಗಳು ಎಡಬದಿಯ ಸಂಚಾರಕ್ಕೆ ತಕ್ಕಂತಿರಬೇಕು, ಬಂದ ಮೇಲೆ ಕನಿಷ್ಠ 5 ವರ್ಷ ರಸ್ತೆಯಲ್ಲಿ ಓಡಲು ಯೋಗ್ಯವಾಗಿರಬೇಕು. ಹಡಗು ಹತ್ತುವ ಮೊದಲೇ ಪ್ರಮಾಣಪತ್ರ ಬೇಕು. ಮಂಗಳೂರು ಬಂದರು ಘಟ್ಟದ ಕೆಳಗೇ ಇದ್ದರೂ ಅಲ್ಲಿ ಇಳಿಸುವಂತಿಲ್ಲ, ಮುಂಬಯಿ ಒಂದೇ. ಇಳಿದ ಮೇಲೆ ಪುಣೆಯಲ್ಲೋ ಅಹಮದ್‌ನಗರದಲ್ಲೋ ಇರುವ ಪರೀಕ್ಷಾ ಸಂಸ್ಥೆಯಲ್ಲಿ ತಪಾಸಣೆ.

ಇನ್ನು ಸುಂಕ. 2025ರ ಮುಂಗಡಪತ್ರದಲ್ಲಿ ಹಳೆಯ ಕಾರಿನ ಮೂಲ ಸುಂಕವನ್ನು ನೂರಕ್ಕೆ 125ರಿಂದ 70ಕ್ಕೆ ಇಳಿಸಿದರೆಂದು ಓದಿ ಕೆಲವರು ಸಂತೋಷಪಟ್ಟಿರಬಹುದು. ಆದರೆ ಅದೇ ದಿನ ಕೃಷಿ ಮೂಲಸೌಕರ್ಯ ಮತ್ತು ಅಭಿವೃದ್ಧಿ ಸೆಸ್ಸೆಂದು 67.5 ಸೇರಿಸಿದರು. ಒಟ್ಟು 137.5; ಹಿಂದೆ ಮೂಲ ಸುಂಕಕ್ಕೆ ಸಮಾಜ ಕಲ್ಯಾಣದ ಸರ್‌ಚಾರ್ಜು ಕೂಡಿದಾಗಲೂ ಅಷ್ಟೇ ಆಗುತ್ತಿತ್ತು. ಹಡಗಿನ ಬಾಡಿಗೆ, ವಿಮೆ ಸೇರಿ 10 ಲಕ್ಷ ಬೆಲೆಯಾಗುವ ಕಾರು ಬಂದರಿನಲ್ಲೇ 23 ಲಕ್ಷ 75 ಸಾವಿರ ಆಯಿತು. ಅದರ ಮೇಲೆ ಜಿ.ಎಸ್.ಟಿ., ನಂತರ ನಮ್ಮ ರಾಜ್ಯದ ವಾಹನ ತೆರಿಗೆ. ಹೊರದೇಶದಲ್ಲಿ ನೆಲೆಸಿ ಮರಳುವವರಿಗೆ ಮನೆಯ ಸಾಮಾನಿನ ಮೇಲೆ ಸಿಗುವ ರಿಯಾಯಿತಿ ಕಾರಿಗಿಲ್ಲ. ಸುಂಕದವನ ಹತ್ತಿರ ಸುಖದುಃಖ ಹೇಳಿಕೊಂಡ ಹಾಗೆ ಎಂದು ನಮ್ಮ ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. ಕಾರನ್ನು ಅಲ್ಲೇ ಮಾರಿ ಬರಲಿ ಎಂದು ನಾವು ಸಲಹೆ ಕೊಟ್ಟೆವು.

ಅವರು ಅದನ್ನು ಒಪ್ಪಿದರು. ಆದರೆ ಹೊರಡುವ ಮುಂಚೆ, ಆ ಕಾರು ಆಕ್ಲೆಂಡಿಗೆ ಬಂದ ಬಗೆಯನ್ನು ಅಳಿಯನಿಂದ ಕೇಳಿದಂತೆ ಹೇಳಿದರು. ಈ ಲೇಖನಕ್ಕೆ ನಿಜವಾದ ಕಾರಣ ಅದು.

ನ್ಯೂಜಿಲೆಂಡಿನಲ್ಲಿ ಕಾರಿನ ಮೇಲಿನ ಆಮದು ಸುಂಕವನ್ನು 1998ರಲ್ಲೇ ತೆಗೆದುಹಾಕಿದರು. ಅಲ್ಲಿದ್ದ ಕಾರು ಜೋಡಿಸುವ ಕಾರ್ಖಾನೆಗಳು ಅದರೊಂದಿಗೇ ಮುಚ್ಚಿಹೋದವು ಎಂಬುದನ್ನೂ ಹೇಳಬೇಕು. ಜಪಾನಿನಲ್ಲಿ ಕಾರಿಗೆ ಮೊದಲು 3 ವರ್ಷಕ್ಕೆ, ಆಮೇಲೆ 2 ವರ್ಷಕ್ಕೊಮ್ಮೆ ದುಬಾರಿ ತಪಾಸಣೆಯಾಗಬೇಕು. ಹಾಗಾಗಿ ಚೆನ್ನಾಗಿರುವ ಕಾರನ್ನೇ ಜನ ಹರಾಜಿಗೆ ಬಿಡುತ್ತಾರೆ. ಅವು ಹಡಗುಗಟ್ಟಲೆ ನ್ಯೂಜಿಲೆಂಡಿಗೆ ಹೋಗುತ್ತವೆ. ಬ್ರೇಕು, ಹೊಗೆ, ಅಪಘಾತದಲ್ಲಿ ರಕ್ಷಣೆ ಇವುಗಳ ಪರೀಕ್ಷೆ ಅಲ್ಲಿಯೂ ಉಂಟು, ನೂರಕ್ಕೆ 15ರ ಜಿ.ಎಸ್.ಟಿ.ಯೂ ಉಂಟು. ಅದರಲ್ಲಿ ವಿಶೇಷವೇನಿಲ್ಲ. ವಿಶೇಷವಿರುವುದು ಮಣ್ಣಿನಲ್ಲಿ.

ಕಾರು ಹಡಗು ಹತ್ತುವ ಮುನ್ನ ಅದರ ಹೊಟ್ಟೆಯಡಿ, ಚಕ್ರದ ಮೇಲಿನ ಗೂಡು, ರೇಡಿಯೇಟರಿನ ಜಾಲರಿ, ಡಿಕ್ಕಿಯಲ್ಲಿನ ಸ್ಟೆಪ್ನಿಯ ಕುಳಿ, ಕಾಲಡಿಯ ಮ್ಯಾಟು ಎಲ್ಲವನ್ನೂ ತೊಳೆದು ಗುಡಿಸಿ ತಪಾಸಣೆ ಮಾಡುತ್ತಾರೆ. ಒಂದು ಹುಲ್ಲಿನ ಬೀಜ, ಒಣಗಿದ ಎಲೆ, ಜೇಡರ ಬಲೆ, ಉಗುರಿನಷ್ಟು ಮಣ್ಣಿನ ಹೆಂಟೆ ಕಂಡರೂ ವಾಪಸು ತೊಳೆಯಲು ಕಳಿಸುತ್ತಾರೆ. ಸೆಪ್ಟೆಂಬರಿನಿಂದ ಏಪ್ರಿಲಿನವರೆಗೆ ಇನ್ನೂ ಒಂದು ಹೆಜ್ಜೆ ಹೆಚ್ಚು: ಕಾರನ್ನು ಕೋಣೆಯಲ್ಲಿಟ್ಟು ಸುಮಾರು 60 ಡಿಗ್ರಿ ಶಾಖ ಕೊಡುತ್ತಾರೆ, ಇಲ್ಲವೇ ವಿಷಾನಿಲ ಹಾಯಿಸುತ್ತಾರೆ. ನಾವು ಅಡಿಕೆ ಒಣಗಿಸುವಂತೆ ಅವರು ಕಾರು ಒಣಗಿಸುತ್ತಾರೆ ಎಂದು ನಮ್ಮ ಸದಸ್ಯರು ನಕ್ಕರು. ಅವರೇ ಮಗಳನ್ನು ನೋಡಲು ಹೋದಾಗ, ತೋಟದಲ್ಲಿ ಹಾಕುವ ಬೂಟನ್ನು ಪೆಟ್ಟಿಗೆಯಲ್ಲಿಟ್ಟಿದ್ದರಂತೆ. ಅರ್ಜಿಯಲ್ಲಿ ನಿಜ ಬರೆದರು. ವಿಮಾನ ನಿಲ್ದಾಣದಲ್ಲಿ ಬೂಟು ತೆಗೆದುಕೊಂಡು ಹೋಗಿ, ಅಡಿಯ ಮಣ್ಣು ತೊಳೆದು, ಚೀಲದಲ್ಲಿ ಹಾಕಿ ಕೈಗೆ ಕೊಟ್ಟರಂತೆ. ಬರೆಯದೆ ಮುಚ್ಚಿಟ್ಟಿದ್ದರೆ 400 ಡಾಲರ್ ದಂಡ.

ಇಷ್ಟೆಲ್ಲ ಏಕೆ? ಆ ದೇಶ ಬದುಕಿರುವುದು ಹಾಲು, ಹಣ್ಣು, ಮರ, ಉಣ್ಣೆಯ ಮೇಲೆ. 2003ರಲ್ಲಿ ಹ್ಯಾಮಿಲ್ಟನ್ ಪಟ್ಟಣದಲ್ಲಿ ಕೀಟ ಹಿಡಿಯುವ ಬೋನಿಗೆ ಏಷ್ಯಾದ ಜಿಪ್ಸಿ ಪತಂಗ ಒಂದೇ ಒಂದು, ಅದೂ ಗಂಡು, ಬಿತ್ತು. ಮರದೆಲೆ ತಿನ್ನುವ ಈ ಹುಳುವಿನ ಪತಂಗ ಕಾರು, ಕಂಟೇನರು, ಹಡಗು ಯಾವುದರ ಮೈಗಾದರೂ ಮೊಟ್ಟೆ ಅಂಟಿಸುತ್ತದೆ. ಆ ಒಂದು ಪತಂಗಕ್ಕಾಗಿ ಊರಿನ ಒಂದು ಭಾಗದ ಮೇಲೆ ವಿಮಾನದಿಂದ ಔಷಧಿ ಸಿಂಪಡಿಸಿದರು. 2005ರಲ್ಲಿ ಪತಂಗ ನಿರ್ಮೂಲವಾಯಿತೆಂದು ಸಾರಿದರು. 2018ರ ಫೆಬ್ರವರಿಯಲ್ಲಿ ಜಪಾನಿನಿಂದ ಕಾರು ಹೊತ್ತು ಬಂದ ಹಡಗುಗಳಲ್ಲಿ ಕಂದು ಬಣ್ಣದ ನಾರುವ ತಿಗಣೆ ಸಿಕ್ಕಿದಾಗ, ಸಾವಿರಾರು ಕಾರುಗಳೊಂದಿಗೆ ಆ ಹಡಗುಗಳನ್ನೇ ತಮ್ಮ ನೀರಿನಿಂದ ಹೊರಗೆ ಕಳಿಸಿದರು. ಅದೇ ತಿಗಣೆ 2010ರಲ್ಲಿ ಅಮೆರಿಕದ ಪೂರ್ವ ರಾಜ್ಯಗಳ ಸೇಬಿಗೆ ಸುಮಾರು 3 ಕೋಟಿ 70 ಲಕ್ಷ ಡಾಲರ್ ನಷ್ಟ ಮಾಡಿತ್ತು. ಆ ಲೆಕ್ಕ ಅವರ ಕಣ್ಣ ಮುಂದಿತ್ತು.

ಈಗ ನಮ್ಮ ಕಡೆ ನೋಡೋಣ. ಪರದೇಶದ ಕೀಟ ತಡೆಯಲು ನಮ್ಮಲ್ಲಿ 1914ರಿಂದ ಕಾಯಿದೆ ಇದೆ. 2003ರ ಸಸ್ಯ ಕ್ವಾರಂಟೈನ್ ಆದೇಶ ಹೊರದೇಶದ ಮಣ್ಣಿಗೂ ಕಡಿವಾಣ ಹಾಕುತ್ತದೆ. ಆದರೆ ಹಳೆಯ ಕಾರಿನ ಷರತ್ತುಗಳ ಪಟ್ಟಿಯನ್ನು ಮೇಲೆ ಕೊಟ್ಟಿದ್ದೇವೆ. ಸ್ಟಿಯರಿಂಗ್, ದೀಪ, ಸ್ಪೀಡೋಮೀಟರು, ವಯಸ್ಸು ಎಲ್ಲ ಇವೆ, ಚಕ್ರದ ಗೂಡಿನ ಮಣ್ಣಿನ ಮಾತಿಲ್ಲ. ನಮ್ಮ ಕಟ್ಟೆ ನೋಡುವುದು ಬೆಲೆಪಟ್ಟಿಯನ್ನು, ಅವರ ಕಟ್ಟೆ ನೋಡುವುದು ಕಾರಿನ ತಳವನ್ನು. ಬೇಸಾಯಗಾರರಾದ ನಮಗೆ ಯಾವುದರಿಂದ ಉಪಯೋಗ? 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಕಾಫಿಯ ಬೆರ್ರಿ ಬೋರರ್ ಕಾಣಿಸಿಕೊಂಡಿತು. ಎಳ್ಳು ಕಾಳಿಗಿಂತ ಚಿಕ್ಕ ಆಫ್ರಿಕದ ದುಂಬಿ ಅದು. ಕೆಲವೇ ವರ್ಷಗಳಲ್ಲಿ ಕೊಡಗಿಗೆ, ಅಲ್ಲಿಂದ ನಮ್ಮ ಕಡೆಗೆ ಬಂತು. 2018ರ ಮೇ ತಿಂಗಳಲ್ಲಿ ಅಮೆರಿಕ ಖಂಡದ ಸೈನಿಕ ಹುಳು ಏಷ್ಯಾದಲ್ಲೇ ಮೊದಲು ಗೊತ್ತಾದದ್ದು ನಮ್ಮ ಶಿವಮೊಗ್ಗದ ಮೆಕ್ಕೆಜೋಳದಲ್ಲಿ. ಅವು ಕಾರಿನಲ್ಲಿ ಬಂದವೆಂದು ನಾವು ಹೇಳುತ್ತಿಲ್ಲ. ಬಂದ ಮೇಲೆ ಪ್ರತಿ ವರ್ಷ ಔಷಧಿಗೆ, ಬೋನಿಗೆ, ಆಳಿಗೆ ದುಡ್ಡು ಸುರಿಯುತ್ತಿರುವವರು ನಾವು ಎಂದಷ್ಟೇ ಹೇಳುತ್ತಿದ್ದೇವೆ.

ದ್ವೀಪ ದೇಶಕ್ಕೆ ಇದು ಸುಲಭ, ನಮ್ಮಷ್ಟು ಉದ್ದದ ಗಡಿ ಇದ್ದವರಿಗೆ ಹೇಗೆ ಸಾಧ್ಯ ಎಂದು ಆಡಳಿತ ಮಂಡಳಿಯ ಗೆಳೆಯರೊಬ್ಬರು ಕೇಳಿದರು. ನ್ಯಾಯವಾದ ಮಾತೇ. ಹಾಗೆಂದು ಕೃಷಿಯ ಹೆಸರಿನಲ್ಲಿ ಕಾರಿನಿಂದ ನೂರಕ್ಕೆ 67.5 ಎತ್ತುವ ಸರ್ಕಾರ, ಅದರಲ್ಲಿ ಒಂದು ಪಾಲನ್ನು ಬಂದರುಗಳ ಕ್ವಾರಂಟೈನ್ ಠಾಣೆಗಳಿಗೆ, ಅಲ್ಲಿಯ ಕೀಟತಜ್ಞರಿಗೆ ಕೊಡಲಿ ಎಂದು ಕೇಳಲು ದ್ವೀಪದಲ್ಲೇ ಹುಟ್ಟಬೇಕಾಗಿಲ್ಲ. ಸಂಘದ ಮುಂದಿನ ಮನವಿಯಲ್ಲಿ ಇದನ್ನು ಸೇರಿಸಬೇಕೆಂಬುದು ನಮ್ಮ ಅಭಿಪ್ರಾಯ.

ಆದರೆ ದಿಲ್ಲಿಗೆ ಬರೆಯುವ ಮುಂಚೆ ನಮ್ಮ ಗೇಟನ್ನೂ ನೋಡಿಕೊಳ್ಳಬೇಕು. ಅಡಿಕೆ ಮರಕ್ಕೆ ಅಣಬೆ ರೋಗ ಬಂದರೆ ಸುತ್ತ ಎರಡು ಅಡಿ ಆಳದ ಕಾಲುವೆ ತೋಡಿ ಬೇರೆ ಮಾಡುತ್ತೇವೆ. ಅದೇ ವಾರ ಇನ್ನೊಬ್ಬರ ರೋಗದ ತೋಟ ಅಗೆದ ಜೆ.ಸಿ.ಬಿ., ಬಕೆಟ್ಟಿನ ಹಲ್ಲಿಗೆ ಅಂಟಿದ ಮಣ್ಣಿನ ಸಮೇತ ನಮ್ಮ ತೋಟಕ್ಕೆ ಇಳಿಯುತ್ತದೆ. ಆಫ್ರಿಕನ್ ಬಸವನಹುಳು ಮಣ್ಣಿನಲ್ಲಿ ಮೊಟ್ಟೆಯಿಡುತ್ತದೆ. ಕಾಫಿ ಬೇರಿನ ಜಂತು ನರ್ಸರಿಯ ಮಣ್ಣಿನೊಂದಿಗೇ ಪ್ರಯಾಣ ಮಾಡುತ್ತದೆ. ಬೋರರ್ ಹುಳು ಬಾಡಿಗೆ ಪಿಕಪ್ಪಿನ ಮೂಲೆಯಲ್ಲಿ ಉಳಿದ ನಾಲ್ಕು ಹಣ್ಣಿನಲ್ಲಿ, ಝಾಡಿಸದ ಗೋಣಿಚೀಲದಲ್ಲಿ ಬರುತ್ತದೆ. ಇದಕ್ಕೆ ಯಾವ ಕಸ್ಟಮ್ಸ್ ಅಧಿಕಾರಿಯೂ ಹೊಣೆಯಲ್ಲ.

ಸಂಘದ ಗೋದಾಮಿನ ಪಕ್ಕದ ಖಾಲಿ ಜಾಗದಲ್ಲಿ ಒಂದು ಕಾಂಕ್ರೀಟು ಕಟ್ಟೆ, ಜೋರು ನೀರಿನ ಪಂಪು, ತೊಳೆದ ಮಣ್ಣು ಹಳ್ಳಕ್ಕೆ ಹರಿಯದಂತೆ ಒಂದು ಗುಂಡಿ, ಇಷ್ಟನ್ನು ಮಾಡಬಹುದೆಂದು ಲೆಕ್ಕ ಹಾಕಿದ್ದೇವೆ. ಸಂಘದ ಮೂಲಕ ಬಾಡಿಗೆಗೆ ಹೋಗುವ ಯಂತ್ರ, ವಾಹನಗಳು ಒಂದು ತೋಟದಿಂದ ಇನ್ನೊಂದಕ್ಕೆ ಹೋಗುವ ಮುನ್ನ ಇಲ್ಲಿ ತೊಳೆಯಿಸಿಕೊಂಡು ಹೋಗಬೇಕು. ಅರ್ಧ ಗಂಟೆ ತಡವಾಗುತ್ತದೆ. ಡ್ರೈವರುಗಳು ಗೊಣಗುತ್ತಾರೆ, ಆ ಅರ್ಧ ಗಂಟೆಯ ಬಾಡಿಗೆ ಯಾರು ಕೊಡಬೇಕೆಂಬ ಜಗಳವೂ ಬರುತ್ತದೆ. ಸಂಘ ಅರ್ಧ, ಕರೆಸಿಕೊಂಡವರು ಅರ್ಧ ಎಂಬುದು ನಮ್ಮ ಸೂಚನೆ. ವಿಷಯ ಮಹಾಸಭೆಯ ಮುಂದೆ ಬರಲಿದೆ. ಒಪ್ಪದವರು ತಮ್ಮ ಆಕ್ಷೇಪವನ್ನು ಮುಂಚಿತವಾಗಿ ಬರೆದು ಕಾರ್ಯದರ್ಶಿಯವರಿಗೆ ತಲುಪಿಸಬೇಕಾಗಿ ಕೋರುತ್ತೇವೆ. ಬೂಟು ತೊಳೆಸಿಕೊಂಡು ಬಂದ ನಮ್ಮ ಹಿರಿಯ ಸದಸ್ಯರು ಠರಾವನ್ನು ಮಂಡಿಸಲು ಒಪ್ಪಿದ್ದಾರೆ.